ಪೊವಾಯಿ ಕೆರೆ: ನಾವೇ ಬಿಟ್ಟ ಮೀನು, ನಾವೇ ಬೆಳೆಸಿದ ಕಳೆ

ಮಳೆಗಾಲ ಬಂತೆಂದರೆ ಪೊವಾಯಿ ಕೆರೆ ತುಂಬಿ ಹರಿಯಿತೆಂಬ ಸುದ್ದಿ ಮಹಾನಗರದ ಪತ್ರಿಕೆಗಳಲ್ಲಿ ಪ್ರತಿವರ್ಷ ಬರುತ್ತದೆ. ಸುದ್ದಿಯ ಕೊನೆಯಲ್ಲಿ ಈ ನೀರು ಕುಡಿಯಲು ಯೋಗ್ಯವಲ್ಲ ಎಂಬ ಮಾತೂ ತಪ್ಪದೆ ಇರುತ್ತದೆ. ನಾವು ಓದಿ ಪುಟ ಮಗುಚುತ್ತೇವೆ. ಆದರೆ ಅಂಧೇರಿ, ಸಾಕಿನಾಕಾ, ಪೊವಾಯಿ, ವಿಕ್ರೋಲಿ ಪರಿಸರದಲ್ಲಿ ನೆಲೆಸಿರುವ ತುಳು-ಕನ್ನಡಿಗರ ಸಂಖ್ಯೆ ಸಣ್ಣದೇನಲ್ಲ. ಸಂಜೆ ಕೆರೆಯ ದಂಡೆಯಲ್ಲಿ ವಾಯುವಿಹಾರ ಮಾಡುವವರಲ್ಲಿ, ಗಣೇಶ ವಿಸರ್ಜನೆಗೆ ಅಲ್ಲಿಗೆ ತೆರಳುವವರಲ್ಲಿ ನಮ್ಮವರೂ ಇದ್ದಾರೆ. ಆದುದರಿಂದ ಈ ಕೆರೆಯ ಕಷ್ಟದಲ್ಲಿ ನಮಗೂ ಒಂದು ಪಾಲಿದೆ.

ಮುಂಬಯಿಯ ದಾಹ ನೀಗಿಸಲು ಬ್ರಿಟಿಷರ ಕಾಲದಲ್ಲಿ 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ ಕೆರೆಗಳು ಆದವು. ಅದೂ ಸಾಲದಾದಾಗ 1890ರ ಸುಮಾರಿಗೆ ಗುಡ್ಡಗಳ ನಡುವೆ ಅಣೆಕಟ್ಟು ಕಟ್ಟಿ ಪೊವಾಯಿ ಕೆರೆಯನ್ನು ನಿರ್ಮಿಸಲಾಯಿತು. ಕೆಲವೇ ವರ್ಷಗಳಲ್ಲಿ ಇದರ ನೀರು ಕುಡಿಯಲು ತಕ್ಕುದಲ್ಲವೆಂದು ಕೈಬಿಡಲಾಯಿತು. ತುಂಬಿದಾಗ ಸುಮಾರು 545 ಕೋಟಿ ಲೀಟರ್ ನೀರು ಹಿಡಿಯುವ ಈ ಕೆರೆ ಮುಂದೆ ಕಾರ್ಖಾನೆಗಳಿಗೆ, ಆರೇ ಕಾಲೊನಿಗೆ ನೀರು ಒದಗಿಸಿತು. ಮನುಷ್ಯ ಬಾಯಿಗಿಡದ ನೀರನ್ನು ಬೇರೆಯವರು ತಮ್ಮದಾಗಿಸಿಕೊಂಡರು: ಮೊಸಳೆ, ಆಮೆ, ನೀರುಕೋಳಿ, ಎಲೆಗಳ ಮೇಲೆ ನಡೆದಾಡುವ ಉದ್ದ ಬೆರಳಿನ ದೇವನಕ್ಕಿ, ಬಗೆಬಗೆಯ ಮೀನುಗಳು. ಕೋಟಿಗಟ್ಟಲೆ ಜನರ ನಗರದ ನಡುವೆ ಕಾಡು ಮೊಸಳೆ ಬಿಸಿಲು ಕಾಯಿಸುವುದನ್ನು ಬಸ್ಸಿನಿಂದ ಇಳಿದು ನೋಡಬಹುದಾದ ಜಾಗ ಭಾರತದಲ್ಲಿ ಎಷ್ಟಿರಬಹುದು?

ಕೆಲವು ವರ್ಷಗಳ ಹಿಂದೆ ಊರಿನಿಂದ ಬಂದಿದ್ದ ದೊಡ್ಡಪ್ಪನವರನ್ನು ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡ್‌ನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಕಿಟಕಿಯಿಂದ ಕೆರೆಯತ್ತ ನೋಡಿದ ಅವರು, "ಮಾರಾಯ, ಮುಂಬಯಿಯಲ್ಲೂ ಇಷ್ಟು ದೊಡ್ಡ ಗದ್ದೆ ಉಂಟಾ?" ಎಂದರು. ಅವರು ಕಂಡದ್ದು ಪೈರಲ್ಲ, ಮರಾಠಿಯಲ್ಲಿ ಜಲಪರ್ಣಿ ಎನ್ನುವ, ನಮ್ಮ ಕಡೆ ಹಲವರು ಅಂತರಗಂಗೆ ಎಂದೇ ಕರೆಯುವ ನೇರಳೆ ಹೂವಿನ ತೇಲುಕಳೆ.

ಈ ಗಿಡದ ಮೂಲ ದಕ್ಷಿಣ ಅಮೆರಿಕ. ಹೂವಿನ ಅಂದಕ್ಕೆ ಮರುಳಾಗಿ 19ನೇ ಶತಮಾನದ ಕೊನೆಯಲ್ಲಿ ಯಾರೋ ಅದನ್ನು ಬಂಗಾಳಕ್ಕೆ ತಂದರು. ಇಂದು ಅದು ಇಲ್ಲದ ರಾಜ್ಯವೇ ವಿರಳ. ಅನುಕೂಲ ಸಿಕ್ಕರೆ ಎರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಬೀಜ ಕೆಸರಿನಲ್ಲಿ ಇಪ್ಪತ್ತು ವರ್ಷ ಜೀವ ಹಿಡಿದುಕೊಂಡಿರಬಲ್ಲದು. ಮೇಲೆ ಹಸಿರು ಚಾಪೆ ಹಾಸಿತೆಂದರೆ ಕೆಳಗೆ ಬೆಳಕಿಲ್ಲ, ಪ್ರಾಣವಾಯು ಇಲ್ಲ. ಸತ್ತ ಗಿಡ ಕೊಳೆತು ತಳಕ್ಕಿಳಿದಂತೆ ಕೆರೆಯ ಆಳವೂ ಕಡಿಮೆಯಾಗುತ್ತದೆ. ದಂಡೆಯಲ್ಲಿ ಅದಕ್ಕೆ ಜೊತೆಗಾರನಾಗಿ ತಿಳಿ ನೇರಳೆ ಹೂವಿನ ಇನ್ನೊಂದು ಅಮೆರಿಕದ ಗಿಡವಿದೆ. ಎಷ್ಟು ಕಡಿದರೂ ಚಿಗುರುವ ಅದಕ್ಕೆ ಇಲ್ಲಿನ ಜನ ಇಟ್ಟ ಹೆಸರು ‘ಬೇಶರಮ್’. ನಾಚಿಕೆಯಿಲ್ಲದ್ದು ಎಂದರ್ಥ. ಹೆಸರು ಗಿಡಕ್ಕೆ ಸಲ್ಲಬೇಕೋ ತಂದವರಿಗೋ ಎಂಬುದು ಬೇರೆ ಮಾತು.

ಪಾಲಿಕೆ ಯಂತ್ರ ಇಳಿಸಿ ಈ ಕಳೆಯನ್ನು ಟನ್ನುಗಟ್ಟಲೆ ತೆಗೆಸುತ್ತಲೇ ಬಂದಿದೆ. ಹಣವೂ ಕೋಟಿಗಳಲ್ಲಿ ಹರಿದಿದೆ. ಆದರೂ ಅದು ಮರಳಿ ಬರುತ್ತದೆ, ಏಕೆಂದರೆ ಸುತ್ತಲಿನ ಬಸ್ತಿಗಳಿಂದಲೂ ಗಗನಚುಂಬಿ ಕಟ್ಟಡಗಳಿಂದಲೂ ಬರುವ ಕೊಳಚೆ ನೀರೇ ಅದಕ್ಕೆ ಗೊಬ್ಬರ. ಈ ಪಾಠವನ್ನು ನಮ್ಮ ಬೆಂಗಳೂರು ಮೊದಲೇ ಕಲಿತಿದೆ. 1980ರ ದಶಕದಲ್ಲಿ ಅಲ್ಲಿನ ವಿಜ್ಞಾನಿಗಳು ಈ ಗಿಡವನ್ನಷ್ಟೇ ತಿಂದು ಬದುಕುವ ಪುಟ್ಟ ಮೂತಿಹುಳುಗಳನ್ನು ವಿದೇಶದಿಂದ ತರಿಸಿ, ಬೇರೆ ಬೆಳೆಗೆ ಬಾಧಕವಿಲ್ಲವೆಂದು ಪರೀಕ್ಷಿಸಿ, ಕೆರೆಗಳಲ್ಲಿ ಬಿಟ್ಟರು. ಫಲವೂ ಸಿಕ್ಕಿತು, ಕಳೆ ತಗ್ಗಿತು. ಆದರೆ ಬೆಳ್ಳಂದೂರಿನಂತಹ ಕೆರೆಗಳಿಗೆ ಊರಿನ ಕೊಳಚೆ ಹರಿಯುತ್ತಲೇ ಇದ್ದಾಗ ಹುಳುಗಳಾದರೂ ಎಷ್ಟೆಂದು ತಿಂದಾವು?

ಕಳೆ ಎಲ್ಲರ ಕಣ್ಣಿಗೆ ಬೀಳುತ್ತದೆ. ನೀರಿನಡಿಯ ಅತಿಕ್ರಮಣ ಕಾಣಿಸುವುದಿಲ್ಲ. ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮಕ್ಕಳ ಹಠಕ್ಕೆ ಮನೆಯಲ್ಲಿ ಗಾಜಿನ ತೊಟ್ಟಿ ಇಟ್ಟಿದ್ದೆವು. ಪಾಚಿ ತಿಂದು ಗಾಜು ಸ್ವಚ್ಛ ಮಾಡುತ್ತದೆ ಎಂದು ಅಂಗಡಿಯವನು ಬೆರಳುದ್ದದ ಎರಡು ಕಪ್ಪು ‘ಸಕರ್’ ಮೀನು ಕೊಟ್ಟ. ವರ್ಷದೊಳಗೆ ಅವು ಮೊಣಕೈಯುದ್ದ ಬೆಳೆದು ತೊಟ್ಟಿಯಲ್ಲಿ ತಿರುಗಲಾರದಾದವು. ಕೊಲ್ಲಲು ಮನಸ್ಸು ಬರಲಿಲ್ಲ. ಒಂದು ಭಾನುವಾರ ಬಾಲ್ದಿಯಲ್ಲಿ ಹಾಕಿ, ಮಕ್ಕಳ ಕೈಯಿಂದಲೇ ಪೊವಾಯಿ ಕೆರೆಗೆ ಬಿಡಿಸಿದೆ. ಪುಣ್ಯದ ಕೆಲಸವೆಂದು ದಾರಿಯಲ್ಲಿ ಐಸ್‌ಕ್ರೀಮ್ ಕೂಡ ಕೊಡಿಸಿದೆ!

ಆ ಮೀನೂ ದಕ್ಷಿಣ ಅಮೆರಿಕದ್ದೇ ಎಂದು ತಿಳಿದದ್ದು ಬಹಳ ತಡವಾಗಿ. ಅದರ ಮೈ ಕವಚದಂತೆ ಗಡುಸು, ಆದ್ದರಿಂದ ಬೇಟೆಯಾಡುವವರು ಕಡಿಮೆ. ಮೊಟ್ಟೆಯಿಡಲು ದಂಡೆಯ ಮಣ್ಣು ಕೊರೆಯುತ್ತದೆ. ಬಲೆಗೆ ಬಿದ್ದರೆ ಬಲೆ ಹರಿಯುತ್ತದೆ, ತಿನ್ನಲು ಯಾರಿಗೂ ಬೇಡ. ಇನ್ನು ಬೆಂಗಳೂರು, ಮೈಸೂರು ಕಡೆ ಜಿಲೇಬಿ ಮೀನೆಂದು ಕರೆಯುವ ಆಫ್ರಿಕಾದ ತಿಲಾಪಿಯ 1952ರಲ್ಲಿ ಸಾಕಣೆಗೆಂದು ದೇಶಕ್ಕೆ ಬಂದು ಕೆರೆಕೆರೆಗೂ ಹಬ್ಬಿತು, ಪೊವಾಯಿಯನ್ನೂ ಬಿಡಲಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಸಿಕ್ಕಿದ್ದನ್ನೆಲ್ಲ ನುಂಗುವ ಜಾತಿ. ಸರಕಾರ ಅದರ ಸಾಕಣೆಯನ್ನು ನಿಷೇಧಿಸಿದ್ದರೂ ಕದ್ದುಮುಚ್ಚಿ ನಡೆಯುವುದು ನಿಂತಿಲ್ಲ. ಅದು ಹೊಕ್ಕ ನೀರಿನಲ್ಲಿ ನಮ್ಮ ಗದ್ದೆ-ತೋಡುಗಳ ಮುಗುಡು ಮೀನಿಗೆ ಉಳಿಗಾಲ ಕಷ್ಟ.

ಪೊವಾಯಿಯೇ ಮನುಷ್ಯ ಕಟ್ಟಿದ ಕೆರೆ, ಗಾಳ ಹಾಕುವವರಿಗೆಂದು ಬಿಟ್ಟ ಕಟ್ಲಾ, ರೋಹು ಕೂಡ ಉತ್ತರದ ನದಿಗಳಿಂದ ಬಂದವು, ಹಾಗಿದ್ದ ಮೇಲೆ ಸ್ವಂತದ್ದು ಯಾವುದು, ಪರಕೀಯ ಯಾವುದು ಎಂದು ಮಿತ್ರರೊಬ್ಬರು ವಾದಿಸಿದರು. ನಾವೂ ಘಟ್ಟದ ಕೆಳಗಿಂದ ಬಂದವರೇ ಅಲ್ಲವೇ ಎಂದು ನಕ್ಕರು. ಪ್ರಶ್ನೆ ನ್ಯಾಯವಾದದ್ದೇ. ಬಂದವರೆಲ್ಲ ಕೆಡುಕರಲ್ಲ. ಬಂದು, ಇದ್ದವರಿಗೆ ಉಸಿರಾಡಲೂ ಎಡೆ ಕೊಡದವರಿಂದ ಮಾತ್ರ ತೊಂದರೆ.

ಕೆರೆಗೆ ಕಾನೂನಿನ ಆಸರೆ ಇಲ್ಲವೆಂದಲ್ಲ. ದಂಡೆಯಲ್ಲಿ ಸೈಕಲ್ ಮಾರ್ಗ ನಿರ್ಮಿಸುವ ಪಾಲಿಕೆಯ ಯೋಜನೆಯ ವಿರುದ್ಧ ಐಐಟಿಯ ಸಂಶೋಧನಾ ವಿದ್ಯಾರ್ಥಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಆ ಕಾಮಗಾರಿ ಕಾನೂನುಬಾಹಿರವೆಂದು ತೀರ್ಪಿತ್ತು, ಹಾಕಿದ್ದನ್ನು ತೆಗೆದು ಜಾಗವನ್ನು ಮೊದಲಿನಂತೆ ಮಾಡಲು ಆದೇಶಿಸಿತು. ಆದರೆ ರಾತ್ರಿ ಬಾಲ್ದಿ ಹಿಡಿದು ಬರುವವನನ್ನು ತಡೆಯಲು ಯಾವ ನ್ಯಾಯಾಲಯ ಬಂದೀತು?

ನಮ್ಮ ಸಂಘ-ಸಂಸ್ಥೆಗಳು ಸ್ವಚ್ಛತಾ ಅಭಿಯಾನ ಹಮ್ಮಿಕೊಳ್ಳುತ್ತವೆ, ಶ್ಲಾಘನೀಯ. ಆದರೆ ಫೆಬ್ರವರಿಯಿಂದ ಎಪ್ರಿಲ್‌ವರೆಗೆ ಮೊಸಳೆಗಳು ದಂಡೆಯ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುವ ಕಾಲ, ಮರಿ ಹೊರಬರಲು ಮತ್ತೆರಡು ತಿಂಗಳು ಬೇಕು. ಆಗ ಗುಂಪಾಗಿ ದಂಡೆ ತುಳಿಯುವುದು ಬೇಡ. ಕಳೆಯ ರಾಶಿಯ ಮೇಲೆಯೇ ಗೂಡು ಕಟ್ಟುವ ಹಕ್ಕಿಗಳೂ ಇರುವುದರಿಂದ ಕಳೆ ತೆಗೆಯುವ ಮೊದಲು ಬಲ್ಲವರನ್ನು ಕೇಳುವುದು ಒಳಿತು. ಮನೆಯ ತೊಟ್ಟಿಯ ಮೀನು, ಕೆಂಪು ಕಿವಿಯ ವಿದೇಶಿ ಆಮೆ ಬೇಡವಾದರೆ ಅಂಗಡಿಗೇ ಮರಳಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ. ಮಕ್ಕಳ ಬೇಸಗೆ ಶಿಬಿರ ನಡೆಸುವ ಸಂಘಗಳು ಈ ಒಂದು ಮಾತನ್ನು ಅಲ್ಲಿ ಹೇಳಿದರೂ ಸಾಕು. ನನ್ನ ಮಕ್ಕಳಿಗೆ ನಾನು ಹೇಳಿದ್ದು ಅವರಿಗೆ ಮಕ್ಕಳಾದ ಮೇಲೆ.