ನೆರಳಿಲ್ಲದ ಕುರ್ಚಿ ತೇಲುತ್ತದೆ

ಫೋನ್ ಕ್ಯಾಮೆರಾ ಹಿಡಿದು, ಕೊಳ್ಳಬೇಕೆಂದಿರುವ ಕುರ್ಚಿಯನ್ನು ಮನೆಯ ನೆಲದ ಮೇಲೆ 'ಇಟ್ಟು' ನೋಡುವ ಆ್ಯಪ್‌ಗಳನ್ನು ನೀವೂ ಬಳಸಿರಬಹುದು. ಇದು ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್. ಅಳತೆ, ಬಣ್ಣ ಎಲ್ಲ ಸರಿಯಿದ್ದರೂ ಕುರ್ಚಿ ಗೇಣುದ್ದ ಮೇಲೆ ತೇಲಿದಂತೆ ಕಂಡರೆ ಅದರ ಕಾಲಿನ ಬಳಿ ನೆರಳಿದೆಯೇ ನೋಡಿ. ವಸ್ತು ನೆಲಕ್ಕೆ ತಾಗಿದೆ ಎಂದು ಕಣ್ಣಿಗೆ ಹೇಳುವುದರಲ್ಲಿ ನೆರಳಿನದೇ ದೊಡ್ಡ ಪಾಲು.

ನೆರಳು ಬಿಡಿಸುವುದು ಅಂಥ ಕಷ್ಟವಲ್ಲ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯುವುದೇ ಕಷ್ಟ. ಕಿಟಕಿಯ ಬಿಸಿಲು ಎಡದಿಂದ ಬೀಳುವಾಗ ಕುರ್ಚಿಯ ನೆರಳೂ ಎಡಕ್ಕೇ ಚಾಚಿದರೆ ಆಟ ಮುಗಿದಂತೆ! 1998ರಲ್ಲಿ ಬರ್ಕ್ಲಿಯ ಪಾಲ್ ಡೆಬೆವೆಕ್ ಇದಕ್ಕೊಂದು ಸೊಗಸಾದ ದಾರಿ ತೋರಿಸಿದರು. ಕನ್ನಡಿಯಂತೆ ಹೊಳೆಯುವ ಗೋಳವನ್ನು ಆ ಜಾಗದಲ್ಲಿಟ್ಟು, ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ ಫೋಟೊ ತೆಗೆಯುವುದು. ಉಜ್ಜಿಟ್ಟ ಸ್ಟೀಲ್ ಚೊಂಬಿನಲ್ಲಿ ಇಡೀ ಅಡುಗೆಮನೆ ಕಾಣುತ್ತದಲ್ಲ, ಹಾಗೆ ಸುತ್ತಲಿನ ಬೆಳಕೆಲ್ಲ ಆ ಗೋಳದಲ್ಲಿ ಸಿಗುತ್ತದೆ. ಬಲ್ಬಿನ ಪ್ರಖರತೆಯೂ ಮೂಲೆಯ ಮಬ್ಬೂ ಲೆಕ್ಕಕ್ಕೆ ಬರುತ್ತವೆ. ಆಮೇಲೆ ಆ ಜಾಗದ ಕಂಪ್ಯೂಟರ್ ಚಿತ್ರವನ್ನು ವಸ್ತು ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ಮಾಡಿ, ಎರಡರ ವ್ಯತ್ಯಾಸವನ್ನಷ್ಟೇ ನಿಜವಾದ ಫೋಟೊಗೆ ಸೇರಿಸಿದರು. ಆ ವ್ಯತ್ಯಾಸದಲ್ಲೇ ನೆರಳು ಬಂದುಬಿಡುತ್ತದೆ.

ಕುರ್ಚಿ ಕೊಳ್ಳುವವರು ಗೋಳ ಹಿಡಿದು ಓಡಾಡುವುದಿಲ್ಲವಲ್ಲ! ಹಾಗಾಗಿ ಫೋನ್ ಊಹಿಸಬೇಕು. 2017ರಲ್ಲಿ ಬಂದ ಆ್ಯಪಲ್‌ನ ಎಆರ್‌ಕಿಟ್ ಕೋಣೆಯ ಬೆಳಕಿನ ಪ್ರಮಾಣ ಮತ್ತು ಬಣ್ಣವನ್ನು ಅಂದಾಜು ಮಾಡುತ್ತಿತ್ತು. ಗೂಗಲ್‌ನ ಎಆರ್‌ಕೋರ್ 2019ರಲ್ಲಿ ಮಷಿನ್ ಲರ್ನಿಂಗ್ ಬಳಸಿ, ಮುಖ್ಯ ಬೆಳಕಿನ ದಿಕ್ಕನ್ನೂ ಹೊಳೆಯುವ ಮೇಲ್ಮೈಗೆ ಬೇಕಾದ ಪ್ರತಿಬಿಂಬವನ್ನೂ ಕೊಡಲು ಶುರುಮಾಡಿತು.

ಉಲ್ಟಾ ಕೆಲಸ ಇನ್ನೂ ಕಷ್ಟ. ನೀವು ಕಿಟಕಿಗೆ ಅಡ್ಡ ನಿಂತರೆ ನಿಮ್ಮ ನೆರಳು ಆ ಇಲ್ಲದ ಕುರ್ಚಿಯ ಮೇಲೂ ಬೀಳಬೇಕು. ಅದಕ್ಕೆ ನಿಮ್ಮ ಆಕಾರ, ದೂರ ಎರಡೂ ಫೋನಿಗೆ ಗೊತ್ತಿರಬೇಕು. ಇನ್ನು ಬೀರುವಿನ ನೆರಳು ಮೊದಲೇ ಬಿದ್ದಿರುವ ಜಾಗದಲ್ಲಿ ಕುರ್ಚಿಯ ನೆರಳನ್ನೂ ಹಾಕಿದರೆ, ಅಲ್ಲಿ ಮಸಿ ಚೆಲ್ಲಿದಂತೆ ಕಾಣುತ್ತದೆ.

ಫೈನಲ್ ಇಯರ್ ಪ್ರಾಜೆಕ್ಟ್‌ಗೆ ವಿಷಯ ಹುಡುಕುವವರಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ. ಡೌನ್‌ಲೋಡ್ ಮಾಡಿದ ಡೈನೊಸಾರ್ ಅನ್ನು ಕ್ಯಾಂಪಸ್‌ನಲ್ಲಿ ಕುಣಿಸುವುದಕ್ಕಿಂತ ಇದು ಮೇಲು ಎಂದೇ ನನ್ನ ಅಭಿಪ್ರಾಯ. ಉಚಿತವಾಗಿ ಸಿಗುವ ಬ್ಲೆಂಡರ್‌ನಲ್ಲಿ, ತಾನು ಕಾಣದೆ ನೆರಳನ್ನು ಮಾತ್ರ ಹಿಡಿಯುವ 'ಶ್ಯಾಡೊ ಕ್ಯಾಚರ್' ಇದೆ, ಅಲ್ಲಿಂದ ಶುರುಮಾಡಬಹುದು. ಆಮೇಲೆ ನಿಮ್ಮ ಹಾಸ್ಟೆಲ್ ರೂಮಿಗೇ ಬನ್ನಿ. ಎರಡು ಟ್ಯೂಬ್‌ಲೈಟ್ ಉರಿಯುವಾಗ ನಿಜವಾದ ಕುರ್ಚಿಗೆ ಅಂಚು ಮಸುಕಾದ ಎರಡು ನೆರಳು. ಎಆರ್‌ಕೋರ್ ಹೇಳುವುದು ಒಂದೇ ಮುಖ್ಯ ಬೆಳಕಿನ ದಿಕ್ಕು. ಎರಡನೆಯ ನೆರಳನ್ನು ಎಲ್ಲಿಂದ ತರುತ್ತೀರಿ?