ಪ್ರಾಣಿಗಳ ಅಸ್ಥಿಚಿತ್ರಗಳು: ಆಯ್ಕೆಯ ವಿವೇಚನೆ

ಮೂಳೆ, ಎಲುಬು, ಅಸ್ಥಿ ಎಂಬ ಮೂರು ಶಬ್ದಗಳಿಗೂ ಅರ್ಥವೊಂದೇ. ಆದರೆ ಅವು ಸೂಚಿಸುವ ವಸ್ತು ಮಾತ್ರ ಪ್ರಾಣಿಯಿಂದ ಪ್ರಾಣಿಗೆ ಭಿನ್ನವಾದುದು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಹೊಲಗಳಲ್ಲಿ ನೇಗಿಲಿಗೆ ಸಿಕ್ಕ ಎಲುಬನ್ನು ಬಾಲಕನೊಬ್ಬನು ಶಾಲೆಗೆ ತಂದು, ಇದು ಯಾವ ಪ್ರಾಣಿಯದೆಂದು ಕೇಳಿದರೆ, ಉಪಾಧ್ಯಾಯರಿಗೆ ಆಧಾರವಾಗತಕ್ಕದ್ದು ಉತ್ತಮವಾದ ಚಿತ್ರವೇ. ಅಂತಹ ಚಿತ್ರದ ಲಕ್ಷಣವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿದೆ.

ಇಡೀ ಅಸ್ಥಿಪಂಜರದ ಒಂದೇ ಚಿತ್ರ ಸಾಲದು. ಒಂದೊಂದು ಮೂಳೆಯನ್ನೂ ಮುಂದಿನಿಂದ, ಹಿಂದಿನಿಂದ, ಪಕ್ಕದಿಂದ, ತುದಿಗಳಿಂದ ತೋರಿಸಿರಬೇಕು. ಅಳತೆಯ ಗೆರೆ ಇರಬೇಕು. ಅದಿಲ್ಲದಿದ್ದರೆ ದೊಡ್ಡದು ಚಿಕ್ಕದೆಂಬ ಭೇದವೇ ತಿಳಿಯದು. ಪ್ರಾಣಿಯ ಹೆಸರಿನೊಡನೆ ವಯಸ್ಸೂ ನಮೂದಾಗಿರಬೇಕು. ಎಳೆಯ ಪ್ರಾಣಿಯಲ್ಲಿ ಉದ್ದ ಮೂಳೆಗಳ ತುದಿಗಳು ಇನ್ನೂ ಬೆಸೆದುಕೊಂಡಿರುವುದಿಲ್ಲವಾದ್ದರಿಂದ ಮೂಳೆಯ ರೂಪವೇ ಬೇರೆಯಾಗಿ ತೋರುತ್ತದೆ.

ಉದಾಹರಣೆಗೆ, ಮುಂಗಾಲಿನ ಮಂಡಿಯ ಕೆಳಗಣ ಉದ್ದ ಮೂಳೆಯನ್ನು ನೋಡಬಹುದು. ಎತ್ತಿನ ಗೊರಸು ಸೀಳಿದುದಾದ್ದರಿಂದ ಈ ಮೂಳೆಯ ಕೆಳತುದಿಯಲ್ಲಿ ಎರಡು ದುಂಡು ತಲೆಗಳಿವೆ. ಕುದುರೆಯಲ್ಲಿ ತಲೆ ಒಂದೇ. ಮೂಳೆಯ ಹಿಂಬದಿಯಲ್ಲಿ ಎರಡು ಕಡ್ಡಿಯಂತಹ ಎಲುಬುಗಳುಂಟು. ಆಡು, ಕುರಿಗಳ ಭೇದ ಇಷ್ಟು ಸುಲಭವಲ್ಲ. ಸಾಮಾನ್ಯವಾಗಿ ಆಡಿನ ಈ ಮೂಳೆ ಕುರಿಯದಕ್ಕಿಂತ ಗಿಡ್ಡ ಹಾಗೂ ಅಗಲ. ಆದರೆ ಪರದೇಶದ ತಳಿಯ ಚಿತ್ರವನ್ನು ನಮ್ಮ ಜಿಲ್ಲೆಯ ಬಂಡೂರು ಕುರಿಗೆ ಹೊಂದಿಸುವಾಗ ಎಚ್ಚರಿಕೆ ಅವಶ್ಯ.

ಈ ವಿವೇಚನೆ ಶಾಲೆಗಷ್ಟೇ ಸೀಮಿತವಾದುದಲ್ಲ. ತುಂಗಭದ್ರೆಯ ತೀರದ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾಯರು ನಡೆಸಿದ ಉತ್ಖನನದಲ್ಲಿ ದೊರೆತ ಎಲುಬುಗಳನ್ನು ಪಶುವೈದ್ಯವಿಜ್ಞಾನಿ ಕೆ. ಆರ್. ಆಲೂರರು ಪರೀಕ್ಷಿಸಿ, ಅವುಗಳಲ್ಲಿ ಕುದುರೆಯ ಮೂಳೆಗಳಿವೆಯೆಂದು 1971ರಲ್ಲಿ ಪ್ರಕಟಿಸಿದರು. ಆರ್ಯರ ಆಗಮನದ ಕಾಲವನ್ನು ಕುರಿತ ಚರ್ಚೆಯಲ್ಲಿ ಈ ನಿರ್ಣಯವು ಮತ್ತೆ ಮತ್ತೆ ಪ್ರಸ್ತಾಪಗೊಂಡಿತು. ಕೆಲವೇ ಎಲುಬುಗಳ ಗುರುತಿನ ಮೇಲೆ ನಾಡಿನ ಚರಿತ್ರೆಯ ಒಂದು ಪ್ರಶ್ನೆಯೇ ನಿಂತಿತು!

ಚಿತ್ರಕಾರನು ಮೂಳೆಯನ್ನು ಕಣ್ಣಾರೆ ಕಂಡು ಬರೆದಿರಬೇಕೆಂಬುದು ಹಳೆಯ ನಿಯಮ. ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ ತಾನೇ ಕುದುರೆಗಳ ದೇಹಚ್ಛೇದನ ಮಾಡಿ ರಚಿಸಿದ ಚಿತ್ರಗಳು 1766ರಲ್ಲಿ ಪ್ರಕಟವಾದವು. ಸಾಕುಪ್ರಾಣಿಗಳಿಗೆ ಸೆಪ್ಟಿಮಸ್ ಸಿಸ್ಸನ್ನರ ಅಂಗರಚನಾಗ್ರಂಥವೂ, ಬೇರೆ ಬೇರೆ ಪ್ರಾಣಿಗಳ ಮೂಳೆಗಳನ್ನು ಹೋಲಿಸಿ ನೋಡಲು ಎಲಿಜಬೆತ್ ಶ್ಮಿಡ್ ಅವರ 1972ರ ಅಸ್ಥಿಚಿತ್ರಸಂಪುಟವೂ ಉಪಯುಕ್ತವಾದುವು.

ಇಂತಹ ಗ್ರಂಥಗಳು ಬೆಲೆಯುಳ್ಳವು. ಒಬ್ಬ ಉಪಾಧ್ಯಾಯರು ಕೊಳ್ಳುವುದು ಕಷ್ಟ. ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಶಾಲೆಯ ಗ್ರಂಥಭಂಡಾರಕ್ಕೆ ಒಂದೆರಡನ್ನು ಒದಗಿಸಿದರೆ, ಜೊತೆಗೆ ಶುದ್ಧಗೊಳಿಸಿ ಹೆಸರು ಬರೆದಿಟ್ಟ ಹತ್ತು ಮೂಳೆಗಳ ಪೆಟ್ಟಿಗೆಯೊಂದು ಸಿದ್ಧವಾದರೆ, ಚಿತ್ರವನ್ನು ವಸ್ತುವಿನೊಡನೆ ಹೋಲಿಸಿ ನಿರ್ಣಯಿಸುವ ಅಭ್ಯಾಸ ಮಕ್ಕಳಲ್ಲಿ ಬೆಳೆಯುವುದು ನಿಶ್ಚಯ.