ಮನೆಯ ನಿಸ್ತಂತು ಸಂಪರ್ಕ: ದೋಷವೆಲ್ಲಿದೆ ಎಂದು ಅರಿಯುವ ಬಗೆ

ಸಕಲೇಶಪುರ, ಆಲೂರು ತಾಲ್ಲೂಕುಗಳ ಮಲೆಗಳ ನಡುವೆ ಮನೆ ಮಾಡಿಕೊಂಡಿರುವ ಬಂಧುಗಳಿಗೆ ಮಳೆಗಾಲವೆಂದರೇನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ಕಳೆಯುವವರೆಗೂ ಬಿಡುವು ಕೊಡುವುದು ಅಪರೂಪ. ಗಾಳಿಗೆ ಸಿಲ್ವರ್ ಓಕ್ ಮರದ ಕೊಂಬೆಯೊಂದು ಮುರಿದು ತಂತಿಯ ಮೇಲೆ ಬಿದ್ದರೆ ಇಡೀ ಊರಿನ ದೀಪ ಆರುತ್ತದೆ. ಹಿಂದೆ ದೀಪ ಆರಿದರೆ ಬುಡ್ಡಿ ಹಚ್ಚಿಕೊಂಡು ಕುಳಿತಿರುತ್ತಿದ್ದೆವು, ಕೆಲಸವೇನೂ ಕೆಡುತ್ತಿರಲಿಲ್ಲ. ಇಂದು ದೀಪದೊಡನೆ ಮಕ್ಕಳ ಪಾಠ, ಬ್ಯಾಂಕಿನ ವ್ಯವಹಾರ, ಕಾಫಿ ಮೆಣಸುಗಳ ಧಾರಣೆ, ದೂರದೂರಿನಲ್ಲಿರುವ ಮಗನ ಮಾತು ಎಲ್ಲವೂ ನಿಲ್ಲುತ್ತವೆ. ಕಣಿವೆಯೊಳಗಿನ ಅನೇಕ ಮನೆಗಳಿಗೆ ಮೊಬೈಲ್ ಗೋಪುರದ ಅಲೆಯೇ ತಲುಪುವುದಿಲ್ಲ. ಅಲ್ಲಿ ದೂರವಾಣಿಯ ಕರೆಯೂ ಮನೆಯ ವೈಫೈ ಮೂಲಕವೇ ಹೋಗಬೇಕು. ಆದುದರಿಂದ ಅಂತರ್ಜಾಲ ಕೆಟ್ಟಿತೆಂದರೆ ಆ ಮನೆಯ ಬಾಯಿ ಕಿವಿಗಳೆರಡೂ ಮುಚ್ಚಿದಂತೆಯೇ ಸರಿ.

ಇಂತಹ ವಿಷಯವನ್ನು ನಾವೇಕೆ ಬರೆಯುತ್ತಿದ್ದೇವೆ ಎಂದು ಓದುಗರು ಅಚ್ಚರಿಪಡಬಹುದು. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿ ಬೆಳೆದವರು ನಾವು. ಯಂತ್ರಗಳ ವಿದ್ಯೆ ನಮ್ಮದಲ್ಲ. ಆದರೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗ ಕಲಿಸಿದ ಪಾಠವನ್ನು ಮುಚ್ಚಿಟ್ಟುಕೊಳ್ಳುವುದು ತರವಲ್ಲವೆನಿಸಿತು.

ಒಂದು ರಾತ್ರಿಯ ಪ್ರಸಂಗ

ಕೆಲವು ವರ್ಷಗಳ ಹಿಂದಿನ ಮಳೆಗಾಲದ ಮಾತು. ನಮ್ಮ ಮನೆಯಿರುವುದು ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆ ಹೋಬಳಿಯ ಕಡೆ, ಕಾಫಿ ತೋಟದ ಮಗ್ಗುಲಲ್ಲಿ. ನಮ್ಮ ಮೊಮ್ಮಗಳು ವೃತ್ತಿಶಿಕ್ಷಣದ ಸೀಟಿಗಾಗಿ ತನ್ನ ಕಾಲೇಜುಗಳ ಆಯ್ಕೆಯನ್ನು ಅಂತರ್ಜಾಲದಲ್ಲಿ ದಾಖಲಿಸಬೇಕಾಗಿತ್ತು. ಅದಕ್ಕೆ ಅಂದಿನ ರಾತ್ರಿಯೇ ಕೊನೆಯ ಗಡುವು. ಸಂಜೆ ಆರು ಗಂಟೆಗೆ ವಿದ್ಯುತ್ತು ಹೋಯಿತು. ಯು.ಪಿ.ಎಸ್. ಇದ್ದುದರಿಂದ ನಡುಮನೆಯ ದೀಪ ಉರಿಯುತ್ತಿತ್ತು; ಮಗುವಿನ ಫೋನಿನಲ್ಲಿ ವೈಫೈ ಗುರುತೂ ತುಂಬಿಯೇ ಇತ್ತು. ಆದರೆ ಒಂದು ಪುಟವೂ ತೆರೆಯಲೊಲ್ಲದು. ಇಂತಹ ತೊಂದರೆ ಆ ವರ್ಷ ಹತ್ತಾರು ಬಾರಿ ಆಗಿತ್ತು. ಪ್ರತಿಸಲವೂ ನಾವು ಸಂಪರ್ಕ ಕೊಟ್ಟವರನ್ನು ದೂರಿದ್ದೆವು. ತಂತಿ ನೋಡಿಕೊಳ್ಳುವ ಹುಡುಗನಿಗೆ ಬಿರುಸಾದ ಮಾತುಗಳನ್ನೂ ಆಡಿದ್ದೆವು.

ಎಂಟು ಗಂಟೆಯವರೆಗೆ ಕಾದು, ಬೇರೆ ದಾರಿಯಿಲ್ಲದೆ ನಮ್ಮ ಮಗ ಮಗುವನ್ನು ಜೀಪಿನಲ್ಲಿ ಕೂರಿಸಿಕೊಂಡು ಆಲೂರಿಗೆ ಹೊರಟನು. ಈ ಭಾಗದಲ್ಲಿ ಕತ್ತಲಾದ ಮೇಲೆ ರಸ್ತೆಗಿಳಿಯುವುದೆಂದರೆ ಏನೆಂದು ಇಲ್ಲಿಯವರೆಲ್ಲ ಬಲ್ಲರು. ಆನೆಗಳ ಹಿಂಡು ತೋಟದಿಂದ ತೋಟಕ್ಕೆ ದಾಟುವ ಹೊತ್ತು ಅದು. ಅವುಗಳ ಸಂಚಾರವನ್ನು ಅರಣ್ಯ ಇಲಾಖೆಯವರು ಫೋನ್ ಸಂದೇಶಗಳ ಮೂಲಕ ಊರವರಿಗೆ ತಿಳಿಸುತ್ತ ಬಂದಿದ್ದಾರೆ. ಆದರೆ ಅಂದು ನಮ್ಮ ಮನೆಗೆ ಯಾವ ಸಂದೇಶವೂ ಬರುವಂತಿರಲಿಲ್ಲ. ಒಂದು ತಿರುವಿನಲ್ಲಿ ಆನೆಗಳು ರಸ್ತೆಯ ಮೇಲೆಯೇ ನಿಂತಿದ್ದವು. ಮಗನು ಜೀಪನ್ನು ಹಿಂದಕ್ಕೆ ಸರಿಸಿ, ದೀಪವಾರಿಸಿ, ಮುಕ್ಕಾಲು ಗಂಟೆ ಉಸಿರು ಬಿಗಿಹಿಡಿದು ಕುಳಿತನಂತೆ. ಮನೆಯಲ್ಲಿದ್ದ ನಮಗೆ ಇದಾವುದೂ ತಿಳಿಯದು. ತಿಳಿಸಲು ಅವರಿಗೂ ದಾರಿಯಿರಲಿಲ್ಲ. ಗಡುವಿನೊಳಗೆ ಆಲೂರು ತಲುಪಿ ಕೆಲಸ ಮುಗಿಸಿದರು. ನಡುರಾತ್ರಿ ದಾಟಿದ ಮೇಲೆ ಜೀಪಿನ ಸದ್ದು ಕೇಳಿದಾಗಲೇ ನಮ್ಮ ಜೀವಕ್ಕೆ ಸಮಾಧಾನ.

ಮರುದಿನ ತಂತಿಯ ಹುಡುಗ ಬಂದನು. ಏನನ್ನೂ ಮುಟ್ಟದೆ ಒಂದೇ ಮಾತು ಕೇಳಿದನು: “ಅಯ್ನೋರೆ, ಕರೆಂಟ್ ಹೋದಾಗ ಈ ಎರಡು ಬಾಕ್ಸಲ್ಲಿ ಯಾವುದರ ಲೈಟ್ ಉರೀತಿರುತ್ತೆ?” ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಫೈಬರ್ ತಂತಿ ಬಂದು ಸೇರುವ ಮೋಡೆಮ್ ಮೂಲೆಯ ಕೋಣೆಯಲ್ಲಿತ್ತು. ಅಲೆಗಳನ್ನು ಮನೆಗೆ ಹರಡುವ ರೂಟರ್ ನಡುಮನೆಯಲ್ಲಿತ್ತು. ರೂಟರಿಗೆ ಯು.ಪಿ.ಎಸ್. ಆಸರೆಯಿತ್ತು, ಮೋಡೆಮ್‌ಗೆ ಇರಲಿಲ್ಲ. ವಿದ್ಯುತ್ತು ಹೋದೊಡನೆ ಮೋಡೆಮ್ ಆರುತ್ತಿತ್ತು. ರೂಟರ್ ಮಾತ್ರ ಬರಿದೇ ಅಲೆ ಹರಡುತ್ತಿತ್ತು. ಬಾವಿ ಬತ್ತಿದ ಮೇಲೆಯೂ ಕೊಡ ಹಿಡಿದು ನಿಂತಂತಾಗಿತ್ತು ನಮ್ಮ ಸ್ಥಿತಿ. ಒಂದು ಗಜ ವಯರಿನಲ್ಲಿ ಮುಗಿಯುವ ಕೆಲಸಕ್ಕೆ ಎಳೆಯ ಮಗುವನ್ನು ಆನೆಯ ದಾರಿಗೆ ಕಳುಹಿಸಿದ್ದೆವು.

ಪರೀಕ್ಷೆಯ ಕ್ರಮ

ಅಂದು ನಮಗೆ ನೆನಪಾದುದು ಪಾಠಶಾಲೆಯಲ್ಲಿ ಕಲಿತ ತರ್ಕಶಾಸ್ತ್ರ. ಒಂದಿದ್ದಾಗ ಇನ್ನೊಂದು ಇರುವುದು ಅನ್ವಯ; ಒಂದಿಲ್ಲದಾಗ ಇನ್ನೊಂದೂ ಇಲ್ಲದಿರುವುದು ವ್ಯತಿರೇಕ. ಅಡುಗೆಮನೆಯಲ್ಲಿ ಹೊಗೆಯಿದೆ, ಬೆಂಕಿಯಿದೆ. ಕೆರೆಯಲ್ಲಿ ಬೆಂಕಿಯಿಲ್ಲ, ಹೊಗೆಯೂ ಇಲ್ಲ. ಇವೆರಡನ್ನೂ ನೋಡಿದ ಮೇಲೆಯೇ ಕಾರಣವನ್ನು ನಿಶ್ಚಯಿಸಬೇಕು. ಜೀವಮಾನವಿಡೀ ಇದನ್ನು ಮಕ್ಕಳಿಗೆ ಬೋಧಿಸಿದ ನಾವು ಮನೆಯ ಪೆಟ್ಟಿಗೆಯ ಮುಂದೆ ಅದನ್ನು ಮರೆತು ಹುಡುಗನನ್ನು ಬೈದಿದ್ದೆವು.

ಅಂತರ್ಜಾಲವು ಮೂರು ಹಾದಿಗಳನ್ನು ದಾಟಿ ನಮ್ಮ ಕೈ ಸೇರುತ್ತದೆ. ಹೊರಗಿನಿಂದ ಮನೆಯವರೆಗೆ ಬರುವ ತಂತಿ ಮೊದಲನೆಯದು. ಮನೆಯೊಳಗಿನ ಪೆಟ್ಟಿಗೆಗಳು, ಅವುಗಳ ವಿದ್ಯುತ್ತು ಎರಡನೆಯದು. ಪೆಟ್ಟಿಗೆಯಿಂದ ಫೋನಿನವರೆಗಿನ ಗಾಳಿಯ ಹಾದಿ ಮೂರನೆಯದು. ದೋಷ ಯಾವ ಹಾದಿಯಲ್ಲಿದೆ ಎಂದು ಮೊದಲು ತಿಳಿಯಬೇಕು. ಅದನ್ನು ತಿಳಿಯದೆ ಹೊಸ ಪೆಟ್ಟಿಗೆ ಕೊಳ್ಳುವುದು ದುಡ್ಡಿನ ದಂಡ.

ಮೊದಲು ಮೋಡೆಮ್‌ನ ದೀಪಗಳನ್ನು ನೋಡಿರಿ. ಫೈಬರ್ ತಂತಿಯೊಳಗೆ ಹರಿಯುವುದು ಬೆಳಕು. ಆ ಬೆಳಕು ಬರದಿದ್ದರೆ ಸಾಮಾನ್ಯವಾಗಿ ಎಲ್.ಓ.ಎಸ್. ಎಂಬ ಅಕ್ಷರಗಳ ಬಳಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ. ಹಾಗಾದರೆ ದೋಷ ತಂತಿಯಲ್ಲಿದೆ: ಕೊಂಬೆ ಬಿದ್ದಿರಬಹುದು, ಇಲಿಯೋ ಅಳಿಲೋ ಕಡಿದಿರಬಹುದು, ಮನೆಯೊಳಗೇ ತಂತಿಯನ್ನು ಯಾರಾದರೂ ಬಾಗಿಲ ಸಂದಿನಲ್ಲಿ ಮಡಿಸಿರಬಹುದು. ಗಾಜಿನ ಎಳೆಯನ್ನು ತೀರ ಬಗ್ಗಿಸಿದರೆ ಬೆಳಕು ಹೊರಗೆ ಸೋರಿಹೋಗುತ್ತದೆ. ಮಡಿಕೆಯನ್ನು ಬಿಡಿಸಬಹುದು, ಆದರೆ ತುಂಡಾದ ತುದಿಯನ್ನು ಕಣ್ಣಿಗೆ ಹಿಡಿದು ನೋಡಬಾರದು. ಆ ಬೆಳಕು ಕಣ್ಣಿಗೆ ಕಾಣದು, ಆದರೆ ಕಣ್ಣನ್ನು ಕೆಡಿಸಬಲ್ಲದು.

ಮೋಡೆಮ್‌ನ ದೀಪಗಳು ಸರಿಯಾಗಿದ್ದರೆ ಪೆಟ್ಟಿಗೆಯ ಪಕ್ಕದಲ್ಲಿಯೇ ನಿಂತು ಫೋನನ್ನು ಪರೀಕ್ಷಿಸಬೇಕು. ಪಕ್ಕದಲ್ಲಿ ಚೆನ್ನಾಗಿದ್ದು ಹಿತ್ತಲ ಕೋಣೆಯಲ್ಲಿ ಕೆಟ್ಟರೆ ದೋಷ ಗಾಳಿಯ ಹಾದಿಯದು. ಪಕ್ಕದಲ್ಲಿಯೂ ಕೆಟ್ಟರೆ, ಕಂಪ್ಯೂಟರನ್ನು ನೇರವಾಗಿ ಕೇಬಲಿನಿಂದ ಪೆಟ್ಟಿಗೆಗೆ ಜೋಡಿಸಿ ನೋಡಬೇಕು. ಕೇಬಲಿನಲ್ಲಿ ಸರಿಯಿದ್ದರೆ ರೂಟರಿನ ಅಲೆಯಲ್ಲಿ ದೋಷ. ಕೇಬಲಿನಲ್ಲಿಯೂ ಇಲ್ಲವಾದರೆ ಪೆಟ್ಟಿಗೆಯಲ್ಲಿ ಅಥವಾ ಹೊರಗೆ ದೋಷ. ನೆರೆಮನೆಯಲ್ಲಿಯೂ ಅದೇ ಹೊತ್ತಿಗೆ ನಿಂತಿದೆಯೇ ಎಂದು ವಿಚಾರಿಸಿದರೆ ಇನ್ನೂ ಸ್ಪಷ್ಟವಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಕೆಡುವ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ನಮ್ಮ ಅನುಭವದಲ್ಲಿ ಬಹಳ ಉಪಕಾರಿ. ವಿದ್ಯುತ್ತು ಹೋಗಿ ಬಂದಾಗಲೆಲ್ಲ ಕೆಟ್ಟರೆ ಅದು ವಿದ್ಯುತ್ತಿನ ದೋಷ, ಯು.ಪಿ.ಎಸ್.ಗೆ ಬದಲಾಗುವ ಕ್ಷಣದಲ್ಲಿ ಪೆಟ್ಟಿಗೆ ಆರಿ ಹೊತ್ತಿ, ಮತ್ತೆ ಸಿದ್ಧವಾಗಲು ಕೆಲವು ನಿಮಿಷ ಹಿಡಿಯುತ್ತದೆ. ಇಂತಹ ಪೆಟ್ಟಿಗೆಗಳಿಗೆಂದೇ ಚಿಕ್ಕ ಯು.ಪಿ.ಎಸ್. ಅಂಗಡಿಗಳಲ್ಲಿ ದೊರೆಯುತ್ತದೆ. ಮೋಡೆಮ್, ರೂಟರ್ ಎರಡನ್ನೂ ಅದರ ಆಸರೆಗೆ ತರಬೇಕು.

ಗೋಡೆ, ನೀರು, ಲೋಹ

ನಿಸ್ತಂತು ಅಲೆಗಳ ವಿದ್ಯೆ ನಮ್ಮ ದೇಶಕ್ಕೆ ಹೊಸತಲ್ಲ. ೧೮೯೫ರಲ್ಲಿಯೇ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂತಹ ಅಲೆಗಳನ್ನು ಗೋಡೆಯ ಮೂಲಕ ಹಾಯಿಸಿ ಆಚೆ ಬದಿಯಲ್ಲಿ ಗಂಟೆ ಬಾರಿಸಿ ತೋರಿಸಿದ್ದರು. ಭಾರತದಲ್ಲಿ ಅಂತರ್ಜಾಲ ಜನಸಾಮಾನ್ಯರಿಗೆ ತೆರೆದುದು ೧೯೯೫ರ ಆಗಸ್ಟ್ ೧೫ರಂದು. ವೈಫೈಗೆ ಆಧಾರವಾದ ನಿಯಮಾವಳಿ ಹೊರಬಂದುದು ೧೯೯೭ರಲ್ಲಿ. ಅಲೆ ಗೋಡೆಯನ್ನು ದಾಟುವುದು ದಿಟ. ಆದರೆ ದಾಟಿದಷ್ಟೂ ಸೊರಗುತ್ತದೆ.

ನಮ್ಮ ಹಳೆಯ ತೊಟ್ಟಿಮನೆಗಳ ಗೋಡೆಗಳು ಒಂದೂವರೆ, ಎರಡು ಅಡಿ ದಪ್ಪ. ಮಳೆಗಾಲದಲ್ಲಿ ಅವು ನೀರು ಕುಡಿದು ತೇವಗೊಂಡಿರುತ್ತವೆ; ನೀರು ಈ ಅಲೆಗಳನ್ನು ಹೀರುತ್ತದೆ. ತಗಡು, ಕಬ್ಬಿಣದ ಬೀರು, ದೊಡ್ಡ ನಿಲುಗನ್ನಡಿಗಳು ಅವನ್ನು ತಡೆದು ಹಿಂದಕ್ಕೆ ತಿರುಗಿಸುತ್ತವೆ. ಇಲಿಯ ಕಾಟಕ್ಕೆ ಹೆದರಿ ರೂಟರನ್ನು ಬೀರುವಿನೊಳಗೆ ಇಟ್ಟ ಮನೆಯನ್ನೂ ನಾವು ಕಂಡಿದ್ದೇವೆ. ಪೆಟ್ಟಿಗೆಯು ಮನೆಯ ನಡುವೆ, ಆಳೆತ್ತರಕ್ಕಿಂತ ಮೇಲೆ, ಬಯಲಾಗಿರಬೇಕು. ವೈಫೈನ ಎರಡು ಪಟ್ಟಿಗಳಲ್ಲಿ ೨.೪ ಗಿಗಾಹರ್ಟ್ಸ್ ನಿಧಾನ, ಆದರೆ ದೂರಗಾಮಿ. ೫ ಗಿಗಾಹರ್ಟ್ಸ್ ವೇಗಶಾಲಿ, ಆದರೆ ದಪ್ಪ ಗೋಡೆಯ ಮುಂದೆ ಸೋಲುತ್ತದೆ. ದೂರದ ಕೋಣೆಗೆ ಮೊದಲನೆಯದೇ ಲೇಸು.

ಸಕಲೇಶಪುರ ಪೇಟೆಯ ಒತ್ತೊತ್ತಾದ ಮನೆಗಳಲ್ಲಿ ತೊಂದರೆ ಬೇರೆಯದು. ಅಲ್ಲಿ ನೆರೆಹೊರೆಯವರ ಅಲೆಗಳು ಒಂದರ ಮೇಲೊಂದು ಬೀಳುತ್ತವೆ. ೨.೪ರ ಪಟ್ಟಿಯಲ್ಲಿ ಒಂದನ್ನೊಂದು ಕೆಡಿಸದ ಹಾದಿಗಳು ೧, ೬, ೧೧ ಎಂಬ ಮೂರೇ. ಇವುಗಳಲ್ಲಿ ಕಡಿಮೆ ದಟ್ಟಣೆಯಿರುವುದನ್ನು ಆರಿಸಿಕೊಡಲು ತಿಳಿದವರನ್ನು ಕೇಳಬಹುದು. ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯ ಅಲೆಗಳಿಂದಲೇ ಬೇಯಿಸುವುದರಿಂದ ಅದರ ಮಗ್ಗುಲಲ್ಲಿ ರೂಟರ್ ಇಡಬಾರದು. ತೋಟದ ಒಂಟಿಮನೆಗೆ ದಟ್ಟಣೆಯ ಕಾಟವಿಲ್ಲ; ಅಲ್ಲಿ ಗೋಡೆಯೇ ವೈರಿ.

ಅಲೆ ತಲುಪದ ಕೋಣೆಯಲ್ಲಿ ರಿಪೀಟರ್ ತಂದಿಟ್ಟು ಫಲವಿಲ್ಲವೆಂದು ಕೊರಗುವವರಿದ್ದಾರೆ. ಮಾತೇ ಕೇಳಿಸದ ಕಡೆ ನಿಂತವನು ಮಾತನ್ನು ಮುಂದಕ್ಕೆ ಹೇಗೆ ದಾಟಿಸಿಯಾನು? ಅದನ್ನು ಅಲೆ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು. ಅದಕ್ಕಿಂತ ಉತ್ತಮವಾದುದು, ಕೇಬಲ್ ಎಳೆದು ಹಿತ್ತಲ ಕೋಣೆಯಲ್ಲಿ ಎರಡನೆಯ ರೂಟರನ್ನು ಕೂರಿಸುವುದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆ, ಮೋಡ ಕಟ್ಟಿದೊಡನೆಯೇ ಪೆಟ್ಟಿಗೆಗಳ ಪ್ಲಗ್ಗು ಕಿತ್ತಿಡುವುದನ್ನು ಮರೆಯಬಾರದು. ಗಾಜಿನ ಎಳೆ ಸಿಡಿಲನ್ನು ತಾರದಿದ್ದರೂ ವಿದ್ಯುತ್ತಿನ ತಂತಿ ತರುತ್ತದೆ.

ಕೊನೆಯ ಮಾತು

ಇಷ್ಟನ್ನೆಲ್ಲ ನೋಡಿದ ಮೇಲೆಯೂ ದೋಷ ಹೊರಗಿನದೆಂದು ಕಂಡುಬಂದರೆ ದೂರು ಕೊಡಲೇಬೇಕು. ಆದರೆ “ನೆಟ್ ಇಲ್ಲ” ಎಂದಷ್ಟೇ ಹೇಳದೆ, ಯಾವ ದೀಪ ಕೆಂಪಾಗಿದೆ, ಯಾವ ಹೊತ್ತಿನಿಂದ ನಿಂತಿದೆ, ಕೇಬಲಿನಲ್ಲಿ ನೋಡಿದಾಗ ಏನಾಯಿತು ಎಂಬುದನ್ನು ತಿಳಿಸಿರಿ. ಜಡಿಮಳೆಯಲ್ಲಿ ಜಾರುವ ಕಂಬ ಹತ್ತುವವನೂ ಒಂದು ತಾಯಿಯ ಮಗ. ನಮ್ಮ ಒಂದು ಸರಿಯಾದ ಮಾತು ಅವನಿಗೆ ಹತ್ತು ಕಂಬಗಳ ಹುಡುಕಾಟವನ್ನು ಉಳಿಸೀತು.

ಮೋಡೆಮ್‌ಗೆ ವಯರು ಎಳೆದು ಮುಗಿಸಿದ ಹುಡುಗನಿಗೆ ನಾವು ಅಂದು ಕಾಫಿ ಕೊಡಿಸಿ, ಹಿಂದೆ ಆಡಿದ ಮಾತುಗಳಿಗಾಗಿ ಕ್ಷಮೆ ಕೇಳಿದೆವು. ಅವನು ನಕ್ಕು ತಲೆ ತಗ್ಗಿಸಿದನು. ಅರುವತ್ತು ದಾಟಿದ ನಮಗೆ ಆ ಕ್ಷಣ ಸುಲಭವಾಗಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ವಿದ್ಯುತ್ತು ಹೋದರೆ ಮೊದಲು ಎದ್ದುಹೋಗಿ ಎರಡು ಪೆಟ್ಟಿಗೆಗಳ ದೀಪ ನೋಡಿ ಬರುವವರು ನಾವೇ. ಓದುಗ ಬಂಧುಗಳೂ ಇಂದು ಸಂಜೆಯೇ, ಮಳೆ ಹಿಡಿಯುವ ಮುನ್ನ, ತಮ್ಮ ಮನೆಯ ಮುಖ್ಯ ಸ್ವಿಚ್ಚನ್ನು ಒಂದು ನಿಮಿಷ ಆರಿಸಿ ಯಾವ ದೀಪ ಉಳಿಯುತ್ತದೆ, ಯಾವುದು ಆರುತ್ತದೆ ಎಂದು ನೋಡಿಕೊಳ್ಳಲಿ. ಯಾವ ಮನೆಯ ಮಗುವೂ ಇಂತಹ ಸಣ್ಣ ಕಾರಣಕ್ಕಾಗಿ ಇರುಳಿನಲ್ಲಿ ರಸ್ತೆಗಿಳಿಯುವಂತಾಗದಿರಲಿ.